ಬಸ್ಸು ಬ್ಯಾಡ ಅಂತು

ಕಳೆದ ಸೋಮವಾರ ಸಂಜೆ ಕೇಳಿದ ಒಂದು ಮಾತು ವಾರವಿಡೀ ನನ್ನ ಕಿವಿಯಲ್ಲಿಯೇ ಕುಳಿತಿದೆ. ನಾನು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ, ಕರ್ನಾಟಕದ ಗಡಿಗೆ ಹತ್ತಿದ ಜತ್ತ ತಾಲೂಕಿನ ಪೂರ್ವ ಭಾಗದ ಒಂದು ಜಿಲ್ಲಾ ಪರಿಷತ್ ಕನ್ನಡ ಶಾಲೆಯ ಶಿಕ್ಷಕಿ. ನಮ್ಮಲ್ಲಿ ಇರುವುದು ಏಳನೆಯ ತರಗತಿಯವರೆಗೆ ಮಾತ್ರ. ಜೂನ್ ನಡುವೆ ಶಾಲೆ ತೆರೆದ ಕೂಡಲೇ, ಏಳನೆಯದನ್ನು ಮುಗಿಸಿದವರಲ್ಲಿ ಯಾರು ಶಾಲೆ ಬಿಟ್ಟ ದಾಖಲೆ ಒಯ್ದಿಲ್ಲವೆಂದು ನೋಡುವುದು ನಮ್ಮ ಮೊದಲ ಕೆಲಸ. ಈ ಸಲ ಹುಡುಗರೆಲ್ಲರೂ ಒಯ್ದಿದ್ದರು. ಮೂವರು ಹುಡುಗಿಯರ ದಾಖಲೆ ಕಪಾಟಿನಲ್ಲಿಯೇ ಉಳಿದಿತ್ತು. ಅವರಲ್ಲಿ ಒಬ್ಬಳು ಲೆಕ್ಕದಲ್ಲಿ ಇಡೀ ತರಗತಿಗೆ ಮುಂದಿದ್ದವಳು. ಹೀಗಾಗಿ ಹೆಡ್‌ಮಾಸ್ತರರು ಮತ್ತು ನಾನು ಮೊದಲು ಅವಳ ಮನೆಗೇ ಹೋದೆವು.

ನಮ್ಮ ಹೆಡ್‌ಮಾಸ್ತರರು ಒಳ್ಳೆಯವರು, ಆದರೆ ನಾಲ್ಕು ಜನ ಕಂಡರೆ ಸಾಕು, ಅವರಿಗೆ ಭಾಷಣ ಬರುತ್ತದೆ. ಹೊರಸಿನ ಮೇಲೆ ಕುಳಿತು ಚಹಾ ಬರುವಷ್ಟರಲ್ಲಿ ಅವರು 1848ರ ಪುಣೆಗೆ ಹೋಗಿದ್ದರು. ಸಾವಿತ್ರಿಬಾಯಿ ಫುಲೆಯವರು ಹೆಣ್ಣುಮಕ್ಕಳಿಗೆ ಕಲಿಸಲು ಹೊರಟಾಗ ಜನ ಸಗಣಿ ಎರಚುತ್ತಿದ್ದರೆಂದೂ ಅದಕ್ಕಾಗಿ ಅವರು ಇನ್ನೊಂದು ಸೀರೆಯನ್ನು ಜೊತೆಗೆ ಒಯ್ಯುತ್ತಿದ್ದರೆಂದೂ ಪ್ರತಿ ಜನವರಿ 3ರಂದು ಅವರ ಜಯಂತಿಯಲ್ಲಿ ನಾವು ಮಕ್ಕಳಿಗೆ ಹೇಳುವ ಕಥೆಯನ್ನೇ ಹುಡುಗಿಯ ತಂದೆಗೂ ಹೇಳಿದರು. ಅವರು ಕೊನೆಯವರೆಗೆ ತಲೆ ಬಾಗಿಸಿ ಕೇಳಿದರು. ಆಮೇಲೆ ಹೆಡ್‌ಮಾಸ್ತರರನ್ನು ಬಿಟ್ಟು ನನ್ನ ಕಡೆಗೆ ತಿರುಗಿ, “ಸಾಲಿ ಬ್ಯಾಡ ಅಂತ ನಾ ಯಾವಾಗ ಅಂದೀನ್ರಿ ಅಕ್ಕೋರ? ನಾ ಬ್ಯಾಡ ಅಂದಿಲ್ಲ. ಬಸ್ಸು ಬ್ಯಾಡ ಅಂತು” ಎಂದರು.

ಹೆಡ್‌ಮಾಸ್ತರರು ನಕ್ಕರು. ಸತ್ಯ ಹೇಳಬೇಕೆಂದರೆ ನಾನೂ ನಕ್ಕೆ. ಬಾಗಿಲ ಮರೆಯಲ್ಲಿ ನಿಂತಿದ್ದ ತಾಯಿ ಮಾತ್ರ ನಗಲಿಲ್ಲ. ಚಹಾದ ತಟ್ಟೆಯನ್ನು ನಮ್ಮ ಮುಂದೆ ಇಟ್ಟು ಒಳಗೆ ಹೋದಳು. ದಾರಿಯಲ್ಲಿ ಬರುವಾಗ ಹೆಡ್‌ಮಾಸ್ತರರು “ಅಡಾಣಿ ಮಂದಿ, ಏನರ ನೆಪಾ ಬೇಕು” ಎಂದದ್ದಕ್ಕೆ ನಾನು ಸುಮ್ಮನೆ ಹೂಂಗುಟ್ಟಿದೆ. ಆ ಹೂಂಗುಟ್ಟಿದ್ದೇ ಆ ರಾತ್ರಿ ನನಗೆ ನಿದ್ದೆ ಕೊಡಲಿಲ್ಲ. ಏಕೆಂದರೆ ಈ ಮನುಷ್ಯ ವರ್ಷ ವರ್ಷವೂ ದೀಪಾವಳಿಯ ಸುಮಾರಿಗೆ ಕೂಲಿಯವರನ್ನು ಕರೆದೊಯ್ಯುವ ಮುಕಾದಮನಿಂದ ಉಚಲ, ಅಂದರೆ ಮುಂಗಡ ಹಣ, ಪಡೆದು, ಹೆಂಡತಿಯೊಂದಿಗೆ ಕೂಲಿಯವರ ಟೋಳಿ ಸೇರಿ ಕಬ್ಬು ಕಡಿಯಲು ಹೋಗುವವರು. ಕಾರ್ಖಾನೆಯ ಹಂಗಾಮು ಮುಗಿದು ಅವರು ಊರಿಗೆ ಮರಳುವಷ್ಟರಲ್ಲಿ ಯುಗಾದಿ ಬಂದಿರುತ್ತದೆ. ಮಕ್ಕಳನ್ನೂ ಕರೆದುಕೊಂಡು ಹೋದರೆ ಮಗಳು ತಮ್ಮನನ್ನು ನೋಡಿಕೊಳ್ಳುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ವಾಡೆ (ಕಬ್ಬಿನ ತುದಿಯ ಹಸಿರು ಸೋಗೆ) ಕಟ್ಟುತ್ತಾಳೆ. ಬೇರೆಯವರೆಲ್ಲ ಹಾಗೆಯೇ ಮಾಡುತ್ತಾರೆ. ಇವರು ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಿದ್ದರು. ಐದು ವರ್ಷ ಆ ಹುಡುಗಿ ಒಂದು ಹಂಗಾಮಿನಲ್ಲೂ ಶಾಲೆ ತಪ್ಪಿಸಲಿಲ್ಲ. ಅವಳ ಹಾಜರಿಯನ್ನು ಬರೆದವಳು ನಾನೇ. ಇಂಥವರಿಗೆ ಹೆಣ್ಣುಮಕ್ಕಳ ಶಿಕ್ಷಣದ ಮಹತ್ವ ಹೇಳಲು ಇಬ್ಬರು ಹೋಗಿದ್ದೆವು. ಈ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡರು.

ಬುಧವಾರ ನಾನು ಅರ್ಧ ದಿನದ ರಜೆ ಹಾಕಿ, ಒಂಬತ್ತು ಕಿಲೋಮೀಟರ್ ಆಚೆ ಕನ್ನಡ ಹೈಸ್ಕೂಲು ಇರುವ ಊರಿಗೆ ಹೋದೆ. ಹನ್ನೆರಡು ವರ್ಷದಿಂದ ಅಲ್ಲಿಗೆ ಮಕ್ಕಳನ್ನು ಕಳಿಸುತ್ತಿದ್ದೇನೆ, ಆದರೆ ಸ್ಕೂಟಿ ಇರುವವಳಾದ್ದರಿಂದ ಅಲ್ಲಿಂದ ಬಸ್ಸಿನಲ್ಲಿ ತಿರುಗಿ ಬರುವುದು ಹೇಗೆಂದು ಒಮ್ಮೆಯೂ ನೋಡಿರಲಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ನಮ್ಮ ಫಾಟಾದಿಂದ, ಅಂದರೆ ಊರಿನ ದಾರಿ ಒಡೆಯುವ ಕೂಡಿನಿಂದ, ಬಸ್ಸಿದೆ, ಅದರ ಬಗ್ಗೆ ಯಾರದೂ ತಕರಾರಿಲ್ಲ. ಸಂಜೆಯ ಬಸ್ಸು ಮೊದಲು ಐದೂ ಇಪ್ಪತ್ತಕ್ಕೆ ಇತ್ತಂತೆ. ಕಳೆದ ದೀಪಾವಳಿಯ ನಂತರ ಅದು ನಾಲ್ಕೂ ಐವತ್ತಕ್ಕೆ ಆಗಿದೆ. ಶಾಲೆ ಬಿಡುವುದು ಐದಕ್ಕೆ. ಆದ್ದರಿಂದ ಹುಡುಗಿಯರು ಕೊನೆಯ ತಾಸನ್ನು ಬಿಟ್ಟು ಓಡಿ ಬರುತ್ತಾರೆ. ಬುಧವಾರ ಕೊನೆಯ ತಾಸು ವಿಜ್ಞಾನದ್ದಾಗಿತ್ತು. ಮೂರು ಊರಿನ ಹನ್ನೊಂದು ಹುಡುಗಿಯರು ನನ್ನ ಜೊತೆ ನಿಂತಿದ್ದರು. ಅಂದು ಸಂತೆ. ತುಂಬಿ ಬಂದ ಬಸ್ಸಿನ ಚಾಲಕ ಸ್ವಲ್ಪ ವೇಗ ತಗ್ಗಿಸಿ, ಹಿಂದೆ ಇನ್ನೊಂದಿದೆ ಎಂಬಂತೆ ಕೈಯಾಡಿಸಿ ಹೊರಟುಹೋದ. ಹಿಂದಿನ ಬಸ್ಸು ಬಂದದ್ದು ಆರೂ ಮುಕ್ಕಾಲಿಗೆ.

ಆ ಎರಡು ತಾಸು ಹುಡುಗಿಯರು ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಕುಳಿತಿದ್ದರು. ಗಿರಣಿಯವರ ಹೆಂಡತಿ ಕೇಳದೆಯೇ ಕೊಡದಲ್ಲಿ ನೀರು ತಂದಿಟ್ಟಳು. ಈ ಇಡೀ ವ್ಯವಸ್ಥೆಯಲ್ಲಿ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿರುವವಳು ಆಕೆಯೊಬ್ಬಳೇ ಎಂದು ನನಗೆ ಅನಿಸಿತು. ಒಬ್ಬಳು ಬಲ್ಬಿನ ಕೆಳಗೆ ಬೀಜಗಣಿತ ಬಿಡಿಸುತ್ತಿದ್ದಳು. ಮೋಟಾರ್‌ಸೈಕಲ್ಲಿನ ಮೇಲೆ ಇಬ್ಬರು ಹುಡುಗರು ನಾಲ್ಕು ಸಲ ಸುತ್ತು ಹಾಕಿ, ನನ್ನನ್ನು ಕಂಡು ಐದನೆಯ ಸಲ ಬರಲಿಲ್ಲ. ನಾವು ಫಾಟಾದಲ್ಲಿ ಇಳಿದಾಗ ಏಳು ದಾಟಿತ್ತು. ಅಲ್ಲಿಂದ ಊರಿಗೆ ಎರಡು ಕಿಲೋಮೀಟರ್ ಜಾಲಿಯ ಪೊದೆಗಳ ನಡುವೆ ನಡೆಯಬೇಕು. ಅದರಲ್ಲಿ ಒಂದೂ ದೀಪವಿಲ್ಲ. ಜೂನಿನಲ್ಲಿ ಇನ್ನೂ ಮುಸ್ಸಂಜೆಯ ಬೆಳಕಿರುತ್ತದೆ. ಡಿಸೆಂಬರಿನಲ್ಲಿ, ತಂದೆತಾಯಿ ಕಬ್ಬಿನ ಗದ್ದೆಯಲ್ಲಿರುವ ಕಾಲದಲ್ಲಿ, ಅದೇ ಹೊತ್ತಿಗೆ ಕತ್ತಲು ಕವಿದಿರುತ್ತದೆ. ಅಜ್ಜಿಯಿಲ್ಲದ ಮನೆಗೆ ಹದಿಮೂರು ವರ್ಷದ ಹುಡುಗಿ ಆ ದಾರಿಯಲ್ಲಿ ಬರಬೇಕು. ಬಸ್ಸು ಬ್ಯಾಡ ಅಂತು ಎಂಬ ಮಾತಿನಲ್ಲಿ ನಗುವಂಥದ್ದು ಏನಿತ್ತು?

ಆ ಹುಡುಗಿಯರು ಟಿಕೆಟ್ಟಿಗೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಅಹಿಲ್ಯಾದೇವಿ ಹೋಳ್ಕರರ ಹೆಸರಿನ ಯೋಜನೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ಹನ್ನೆರಡನೆಯ ತರಗತಿಯವರೆಗೆ ಪಾಸು ಉಚಿತ. ರಾಜ್ಯದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯವರು ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕಿಸುತ್ತಾರೆ. ಪಾಸಿದೆ, ಪುಸ್ತಕವಿದೆ, ಶಾಲೆಯಿದೆ. ಐದು ಗಂಟೆಗೆ ಬಸ್ಸಿಲ್ಲ. ಗುರುವಾರ ನಾನು ಇದನ್ನು ಹೇಳಿದಾಗ ಹೆಡ್‌ಮಾಸ್ತರರು, ಎರಡೂವರೆ ಕಿಲೋಮೀಟರಿನಲ್ಲಿ ಮರಾಠಿ ಶಾಲೆ ಇದೆಯಲ್ಲ, ಅಲ್ಲಿಗೆ ಹಾಕಲಿ ಎಂದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿಯೂ ಅವರ ಮಾತು ಸರಿ: ಎಂಟನೆಯ ತರಗತಿಯವರೆಗೆ ಮೂರು ಕಿಲೋಮೀಟರಿನ ಒಳಗೆ ಶಾಲೆಯಿದ್ದರೆ ಮಗುವಿಗೆ ಶಾಲೆ ದೂರವೆಂದು ಯಾರೂ ಹೇಳುವಂತಿಲ್ಲ. ಅದೇ ಕಾಯ್ದೆಯ 29ನೆಯ ಕಲಮು, ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಕಲಿಸಬೇಕು ಎನ್ನುತ್ತದೆ. ದೂರವನ್ನು ಅಳೆಯುವ ಪಟ್ಟಿಗೆ ಭಾಷೆ ಕಾಣುವುದಿಲ್ಲ. ಏಳು ವರ್ಷ ಕನ್ನಡದಲ್ಲಿ ಭಿನ್ನರಾಶಿ ಕಲಿತವಳು ಎಂಟನೆಯದರಲ್ಲಿ ಒಮ್ಮೆಲೇ, ಅದಕ್ಕೇ ಮರಾಠಿಯಲ್ಲಿ ಹೇಳುವ ಅಪೂರ್ಣಾಂಕ ಎಂದರೆ ಏನೆಂದು ಕೇಳುತ್ತ ಕುಳಿತರೆ, ಮುಂದಿನ ವರ್ಷ ಅವಳ ಬೆಂಚು ಖಾಲಿಯಾಗುತ್ತದೆ. ನಾನು ಕಳಿಸಿದ ಇಬ್ಬರ ಬೆಂಚು ಹಾಗೆಯೇ ಖಾಲಿಯಾದದ್ದನ್ನು ನೋಡಿದ್ದೇನೆ. ಹುಡುಗರಿಗೆ ಈ ಇಕ್ಕಟ್ಟಿಲ್ಲ. ಅವರು ಗಡಿ ದಾಟಿ ವಿಜಯಪುರದ ಕಡೆ ನೆಂಟರ ಮನೆಯಲ್ಲೋ ವಸತಿನಿಲಯದಲ್ಲೋ ಇರುತ್ತಾರೆ.

ದೂರ, ಕತ್ತಲು ಎಂದರೆ ನಮ್ಮ ಕಡೆಯವರು ಹೆದರುವವರೇ ಅಲ್ಲ. ಛಟ್ಟಿ ಅಮಾವಾಸ್ಯೆಗೆ ನಮ್ಮ ತಾಲೂಕಿನ ಗುಡ್ಡಾಪುರದ ದಾನಮ್ಮದೇವಿಗೆ ಹರಕೆ ಹೊತ್ತು ಗಡಿಯಾಚೆಯಿಂದ ಜನ ದಿನಗಟ್ಟಲೆ ನಡೆದು ಬರುತ್ತಾರೆ, ಹೆಂಗಸರೂ ಕತ್ತಲಲ್ಲಿ ನಡೆಯುತ್ತಾರೆ. ಆಗ ದಾರಿಯ ತುಂಬ ಜನ, ನೀರು, ಅನ್ನ, ದೀಪ. ಅಮಾವಾಸ್ಯೆ ಕಳೆದ ಮರುದಿನದಿಂದ ಅದೇ ದಾರಿ ಬರಿದಾಗುತ್ತದೆ.

ನನ್ನ ಅಪ್ಪ ಬಹಳ ಮುಂದುವರಿದ ವಿಚಾರದವರು, ಅದಕ್ಕೇ ನನ್ನನ್ನು ಓದಿಸಿದರು ಎಂದು ನಾನು ಎಷ್ಟೋ ಪಾಲಕರ ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿದ್ದೇನೆ. ಈ ವಾರ ಕುಳಿತು ಯೋಚಿಸಿದಾಗ ನೆನಪಾದದ್ದೇ ಬೇರೆ: ಅಕ್ಕಲಕೋಟೆಯ ಹೈಸ್ಕೂಲಿನ ಹಿಂದಿನ ಓಣಿಯಲ್ಲಿ ನನ್ನ ಸೋದರತ್ತೆಯ ಮನೆಯಿತ್ತು. ನನ್ನಷ್ಟೇ ಜಾಣೆಯಾಗಿದ್ದ ಚಿಕ್ಕಪ್ಪನ ಮಗಳಿಗೆ ಆ ಊರಿನಲ್ಲಿ ಯಾರೂ ಇರಲಿಲ್ಲ. ಚಿಕ್ಕಪ್ಪನ ವಿಚಾರವೂ ಅಪ್ಪನದಕ್ಕಿಂತ ಹಿಂದುಳಿದದ್ದೇನಲ್ಲ. ಅವಳೀಗ ನನ್ನನ್ನು ಕಂಡರೆ, ಊರವರು ಶಿಕ್ಷಕಿಯನ್ನು ಕರೆಯುವಂತೆ, ಬಾಯ್ತುಂಬ ‘ಅಕ್ಕೋರ’ ಎನ್ನುತ್ತಾಳೆ, ತಮಾಷೆಗೆ.

ಶುಕ್ರವಾರ ಡಿಪೋಗೆ ಮರಾಠಿಯಲ್ಲಿ ಅರ್ಜಿ ಬರೆದು, ಹನ್ನೊಂದು ಹುಡುಗಿಯರ ಪಾಲಕರ ಸಹಿ ಹಾಕಿಸಿ, ಒಯ್ದು ಕೊಟ್ಟೆ. ಅಲ್ಲಿಯ ಗುಮಾಸ್ತ ಓದದೆಯೇ ಠಸೆ ಒತ್ತಿ, ವೇಳಾಪಟ್ಟಿ ಮೇಲಿನಿಂದ ಬರುತ್ತದೆ, ಎಂಟು ದಿನ ಬಿಟ್ಟು ಬನ್ನಿ ಎಂದ. ಹನ್ನೆರಡನೆಯ ಸಹಿ ಆ ತಂದೆಯದು. ಮಗಳು ಇನ್ನೂ ಹೈಸ್ಕೂಲು ಸೇರಿಲ್ಲ, ನಿಮ್ಮ ಸಹಿ ನಡೆಯುತ್ತದೋ ಇಲ್ಲವೋ ಎಂದರೂ ಕೇಳದೆ, ಮಗಳಿಂದ ಅರ್ಜಿಯನ್ನು ಎರಡು ಸಲ ಓದಿಸಿಕೊಂಡು ಹಾಕಿದ್ದರು.

ಇಂದು ಬೆಳಿಗ್ಗೆ ಅವರು ಶಾಲೆಯ ಗೇಟಿನ ಹತ್ತಿರವೇ ನಿಂತಿದ್ದರು. “ಅಕ್ಕೋರ, ಬಸ್ಸು ಏನ ಅಂತ್ರಿ?” ಎಂದು ಕೇಳಿದರು. ದಾಖಲೆ ಇನ್ನೂ ನನ್ನ ಕಪಾಟಿನಲ್ಲಿಯೇ ಇದೆ.