ಶಿಕ್ಷಕರಿಗೆ ಅಷ್ಟೊಂದು ರಜೆಯಿದ್ದೂ ದಣಿವೇಕೆ?

ನಾನು ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತೇನೆಂದು ತಿಳಿದ ಕೂಡಲೇ ಹಲವರು ಕೇಳುವ ಪ್ರಶ್ನೆಯೊಂದಿದೆ: “ಸಂಜೆಯಾಗುವ ಮೊದಲೇ ಮನೆ ಸೇರುತ್ತೀರಿ, ವರ್ಷದಲ್ಲಿ ದೀರ್ಘ ರಜೆಗಳಿವೆ, ಕಲಿಸುವುದೂ ಪ್ರತಿವರ್ಷ ಅದೇ ಪಾಠ. ಹೀಗಿದ್ದೂ ಶಿಕ್ಷಕರು ದಣಿಯುವುದೇಕೆ, ಅವರ ಶ್ರಮವನ್ನು ಅಷ್ಟೊಂದು ಕೊಂಡಾಡುವುದೇಕೆ?” ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಕುಹಕವಿರುವುದಿಲ್ಲ. ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕುಳಿತು ಕಂಡಷ್ಟೇ ಶಿಕ್ಷಕರ ಕೆಲಸವೆಂದು ಅವರು ನಂಬಿರುತ್ತಾರೆ.

“ಅದೇ ಪಾಠ” ಎಂಬ ಮಾತನ್ನೇ ಮೊದಲು ನೋಡೋಣ. 52ರಿಂದ 27ನ್ನು ಕಳೆಯಿರಿ ಎಂದಾಗ ಇಬ್ಬರು ಮಕ್ಕಳು 35 ಎಂದು ಬರೆದಿದ್ದಾರೆ ಎನ್ನಿ. ಒಂದು ಮಗು ಬಿಡಿ ಸ್ಥಾನದಲ್ಲಿ ದೊಡ್ಡ ಅಂಕಿಯಿಂದ ಚಿಕ್ಕದನ್ನು, ಅಂದರೆ 7ರಿಂದ 2ನ್ನು, ಕಳೆದುಬಿಟ್ಟಿದೆ. ಇನ್ನೊಂದು ಮಗು ಹತ್ತರ ಸ್ಥಾನದಿಂದ ಸರಿಯಾಗಿಯೇ ಒಂದು ಹತ್ತನ್ನು ಪಡೆದು 12ರಿಂದ 7ನ್ನು ಕಳೆದಿದೆ, ಆದರೆ ಅಲ್ಲಿದ್ದ 5ನ್ನು 4 ಮಾಡಲು ಮರೆತಿದೆ. ಉತ್ತರ ಒಂದೇ, ಹಿಂದಿರುವ ಯೋಚನೆ ಬೇರೆ. ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಲು ಒಂದು ಕ್ಷಣ ಸಾಕು. ಯಾವ ಮಗು ಎಲ್ಲಿ ಎಡವಿತೆಂದು ತಿಳಿಯಲು ಮತ್ತೊಂದು ಲೆಕ್ಕವನ್ನು ಆರಿಸಿ ಕೊಡಬೇಕಾಗುತ್ತದೆ. 61ರಿಂದ 28ನ್ನು ಕಳೆಯಲು ಹೇಳಿದರೆ ಮೊದಲನೆಯ ಮಗು 47 ಎಂದೂ ಎರಡನೆಯದು 43 ಎಂದೂ ಬರೆಯುತ್ತದೆ, ಗುಟ್ಟು ರಟ್ಟಾಗುತ್ತದೆ. ಆಮೇಲೆ ಇಬ್ಬರಿಗೂ ಬೇರೆ ಬೇರೆ ರೀತಿಯಲ್ಲಿ ವಿವರಿಸಬೇಕು. ಮೊದಲನೆಯ ಮಗುವಿಗಂತೂ ಕಡ್ಡಿಯ ಕಟ್ಟುಗಳನ್ನು ಕೈಗೆ ಕೊಟ್ಟು, ಒಂದು ಕಟ್ಟನ್ನು ಬಿಚ್ಚಿಸಿಯೇ ತೋರಿಸಬೇಕಾದೀತು. ತರಗತಿ ತುಂಬ ಮಕ್ಕಳಿದ್ದಾರೆ, ದಿನಕ್ಕೆ ಹಲವು ಪೀರಿಯಡ್‌ಗಳಿವೆ. ಪಾಠ ಹಳೆಯದಿರಬಹುದು, ತಪ್ಪು ಮಾಡುವ ಮಗು ಪ್ರತಿವರ್ಷ ಹೊಸತು.

ವಿಷಯವನ್ನು ಬಲ್ಲವರೆಲ್ಲರಿಗೂ ಇಂಥ ತಿಳಿವಳಿಕೆ ತಾನಾಗಿ ಬರುವುದಿಲ್ಲ. ವಿಷಯಜ್ಞಾನಕ್ಕಿಂತ ಭಿನ್ನವಾದ, ಆ ವಿಷಯವನ್ನು ಕಲಿಸುವುದಕ್ಕೇ ಸಂಬಂಧಿಸಿದ ಜ್ಞಾನವೊಂದಿದೆ ಎಂದು ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಸ್ಪಷ್ಟವಾಗಿ ಗುರುತಿಸಿದರು. ಅನುಭವಿ ಶಿಕ್ಷಕರು ಅದನ್ನು ಅದಕ್ಕೂ ಮೊದಲೇ ಬಲ್ಲವರಾಗಿದ್ದರು ಎಂಬುದು ಬೇರೆ ಮಾತು.

ಇನ್ನು ದಣಿವಿನ ವಿಚಾರ. ಪ್ರಾಥಮಿಕ ತರಗತಿಯ ಶಿಕ್ಷಕರು ಒಂದೇ ದಿನದಲ್ಲಿ ಮಕ್ಕಳೊಡನೆ ಸಾವಿರದಷ್ಟು ಬಾರಿ ವ್ಯವಹರಿಸಬೇಕಾಗಬಹುದೆಂದು ಅಮೆರಿಕದ ಶಿಕ್ಷಣ ಸಂಶೋಧಕ ಫಿಲಿಪ್ ಜಾಕ್ಸನ್ 1968ರಲ್ಲಿ ಬರೆದರು. ಯಾರನ್ನು ಕೇಳಬೇಕು, ಯಾರನ್ನು ಸುಮ್ಮನಾಗಿಸಬೇಕು, ಯಾರ ಕಣ್ಣಿನಲ್ಲಿ ನೀರು ತುಂಬಿದೆ ಎಂಬುದನ್ನೆಲ್ಲ ಮಾತನಾಡುತ್ತಿರುವಾಗಲೇ ನಿರ್ಧರಿಸಬೇಕು. ಸುಮ್ಮನೆ ನಿಲ್ಲುವುದಕ್ಕೂ ಅಭ್ಯಾಸ ಬೇಕು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆಂದೂ, ಮೂರು ಸೆಕೆಂಡು ಕಾದರೆ ಉತ್ತರಗಳು ದೀರ್ಘವಾಗಿ, ಹೆಚ್ಚು ಮಕ್ಕಳಿಂದ ಬರುತ್ತವೆಂದೂ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಮುಂದಿನ ಬೆಂಚಿನವರು ಕೈ ಎತ್ತಿ ಚಡಪಡಿಸುತ್ತಿರುವಾಗ ಹಿಂದಿನ ಮಗುವಿಗಾಗಿ ಕಾಯುವ ಆ ಮೂರು ಸೆಕೆಂಡು ಎಷ್ಟು ದೀರ್ಘವೆಂದು ನಿಂತು ನೋಡಿದವರಿಗೇ ಗೊತ್ತು. ಪಾಠದ ತಯಾರಿ, ಪುಸ್ತಕ ತಿದ್ದುವುದು, ಪೋಷಕರ ಭೇಟಿ, ದಾಖಲೆಗಳ ಭರ್ತಿ ಇವೆಲ್ಲ ಇದರ ಹೊರಗಿನವು. ರಜೆಯ ಒಂದು ಪಾಲು ಅವಕ್ಕೇ ಹೋಗುತ್ತದೆ.

ಆದರೂ ಶಿಕ್ಷಕರನ್ನು ತ್ಯಾಗಮೂರ್ತಿಗಳೆಂದು ಹೊಗಳುವುದು ನನಗೆ ಹಿಡಿಸುವುದಿಲ್ಲ. ಹೂಮಾಲೆ ಹಾಕಿದ ಕೈಯೇ ಮರುದಿನ ಇನ್ನೊಂದು ಹೆಚ್ಚುವರಿ ಕೆಲಸವನ್ನು ವಹಿಸುತ್ತದೆ, ಸಮರ್ಪಣಾ ಭಾವದ ಹೆಸರು ಬಂದಾಗ ಯಾವ ಶಿಕ್ಷಕರೂ ಅದನ್ನು ನಿರಾಕರಿಸಲಾರರು. ಯುನೆಸ್ಕೋ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1966ರ ಅಕ್ಟೋಬರ್ 5ರಂದು ಅಂಗೀಕರಿಸಿದ ಶಿಫಾರಸು ಬೋಧನೆಯನ್ನು ಪರಿಣತಿ ಮತ್ತು ನಿರಂತರ ಅಧ್ಯಯನ ಬೇಡುವ ವೃತ್ತಿಯೆಂದೇ ಪರಿಗಣಿಸಿತು; ವಿಶ್ವ ಶಿಕ್ಷಕರ ದಿನವನ್ನು ಆ ದಿನಾಂಕಕ್ಕೇ ಇಟ್ಟಿರುವುದು ಅದಕ್ಕಾಗಿ. 2030ರೊಳಗೆ ಎಲ್ಲ ಮಕ್ಕಳಿಗೂ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ದೊರೆಯಬೇಕಾದರೆ ಜಗತ್ತಿಗೆ ಇನ್ನೂ 4.4 ಕೋಟಿ ಶಿಕ್ಷಕರು ಬೇಕೆಂದು ಯುನೆಸ್ಕೋ 2024ರಲ್ಲಿ ಅಂದಾಜಿಸಿದೆ. ಬರಿಯ ಹೊಗಳಿಕೆಯನ್ನು ನಂಬಿ ಅಷ್ಟು ಜನ ಈ ವೃತ್ತಿಗೆ ಬರಲಾರರು.

ಹಾಗಾದರೆ ಮೆಚ್ಚುಗೆಯನ್ನು ಹೇಗೆ ತಿಳಿಸಬೇಕೆಂದು ಕೇಳುವ ಪೋಷಕರಿಗೆ ನನ್ನದೊಂದು ಕೋರಿಕೆಯಿದೆ. ಮುಂದಿನ ಸಭೆಗೆ ಬಂದಾಗ ಅಂಕ ಎಷ್ಟೆಂದು ಕೇಳುವ ಮೊದಲು ಮಗುವಿನ ನೋಟ್‌ಬುಕ್ಕನ್ನು ತೆರೆದು, ತಪ್ಪಾದ ಒಂದು ಲೆಕ್ಕವನ್ನು ತೋರಿಸಿ, ಇಲ್ಲಿ ಇವಳು ಏನೆಂದುಕೊಂಡು ಹೀಗೆ ಬರೆದಿರಬಹುದು ಎಂದು ಶಿಕ್ಷಕರನ್ನು ವಿಚಾರಿಸಿ, ಅವರು ಹೇಳಿ ಮುಗಿಸುವವರೆಗೆ ಕುಳಿತುಕೊಳ್ಳಿ.