ಫ್ಯೂಯಲ್ ಪಂಪ್ ತರಲು ಹೋಗುವಾಗ ಹಳೇದನ್ನೂ ಒಯ್ಯಿರಿ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹೊರಗಿನಿಂದ ಬರುವ ಮಾಲು ಪರೀಕ್ಷೆ ಮಾಡುವುದು ನನ್ನ ಕೆಲಸ. ಅದಕ್ಕೇ ನೆಂಟರಿಷ್ಟರು ಕಾರಿಗೆ ಏನೇ ಸ್ಪೇರ್ ತಂದರೂ "ಒರಿಜಿನಲ್ಲಾ ನೋಡಿ ಹೇಳಿ" ಅನ್ನುತ್ತಾರೆ. ಜಾಸ್ತಿ ಜನ ಬಾಕ್ಸ್ ಫೋಟೋ ತೆಗೆದು ವಾಟ್ಸಾಪ್ ಮಾಡುತ್ತಾರೆ. ಬಾಕ್ಸ್ ನೋಡಿ ನಾನೇನು ಹೇಳಲಿ? ಟ್ಯಾಂಕ್‌ನಿಂದ ಇಂಜಿನ್‌ಗೆ ಪೆಟ್ರೋಲ್ ತಳ್ಳುವ ಫ್ಯೂಯಲ್ ಪಂಪನ್ನೇ ನಕಲು ಮಾಡುವವನಿಗೆ ರಟ್ಟಿನ ಡಬ್ಬ, ಹೊಲೊಗ್ರಾಮ್ ಅಚ್ಚು ಹಾಕಿಸುವುದು ಕಷ್ಟವಾ?

ಬೇಸಿಗೆಯಲ್ಲಿ ನನ್ನ ಭಾವಮೈದುನನ ಹಳೆ ಐ20 ಕಾರು ಹೆಬ್ಬಾಳ ಫ್ಲೈಓವರ್ ಮೇಲೆ ನಿಂತುಬಿಟ್ಟಿತು. ಬೆಳಗ್ಗೆ ಚೆನ್ನಾಗಿ ಓಡುತ್ತಿತ್ತು. ಮಧ್ಯಾಹ್ನದ ಟ್ರಾಫಿಕ್‌ನಲ್ಲಿ ಬಿಸಿಯಾದರೆ ಎಳೆಯುತ್ತಿರಲಿಲ್ಲ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಪಂಪ್ ಬದಲಾಯಿಸಿ ಒಂದು ಮಳೆಗಾಲವೂ ಕಳೆದಿರಲಿಲ್ಲ. ಮೆಕ್ಯಾನಿಕ್ ಮೊದಲು ಫ್ಯೂಸ್, ರಿಲೇ ನೋಡಿ, ಆಮೇಲೆ ಪೆಟ್ರೋಲ್ ಒತ್ತಡ ಅಳೆಯುವ ಗೇಜ್ ಹಾಕಿದ. ಇಂಥ ಪೆಟ್ರೋಲ್ ಇಂಜಿನ್‌ಗೆ 3ರಿಂದ 4 ಬಾರ್ ಒತ್ತಡ ಬೇಕು. ಮುಳ್ಳು 2ರ ಕೆಳಗೇ ಒದ್ದಾಡುತ್ತಿತ್ತು.

ಹಿಂದಿನ ಸೀಟು ಎತ್ತಿ, ಮುಚ್ಚಳ ಬಿಚ್ಚಿ ಪಂಪ್ ಹೊರಗೆ ತೆಗೆಸಿದೆವು. ಮೊದಲ ಪಂಪ್ ಡಿಕ್ಕಿಯಲ್ಲೇ ಬಿದ್ದಿತ್ತು, ಪುಣ್ಯ. ಎರಡನ್ನೂ ಪೇಪರ್ ಮೇಲೆ ಅಕ್ಕಪಕ್ಕ ಇಟ್ಟೆವು. ಎಲ್ಲ ಅಲ್ಲೇ ಗೊತ್ತಾಯಿತು. ಹಳೆಯದರ ಮೈಮೇಲೆ ನಂಬರ್ ಲೇಸರ್‌ನಲ್ಲಿ ಕೊರೆದಿದ್ದು, ಉಗುರಿಗೆ ತಾಗುತ್ತಿತ್ತು. ಹೊಸದರದ್ದು ಬರೀ ಶಾಯಿ. ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದರೆ ಅರ್ಧ ಹೆಸರೇ ಹೋಯಿತು. ಪ್ಲಾಸ್ಟಿಕ್ ಅಂಚಿನಲ್ಲಿ ಅಚ್ಚಿನ ಚೂರುಗಳು ಹಾಗೇ ಇದ್ದವು. ಸ್ಟೀಲ್ ಕವಚದ ಬಾಯಿ ಮಡಚಿದ್ದು ಒಂದು ಕಡೆ ದಪ್ಪ, ಒಂದು ಕಡೆ ತೆಳು. ತೂಕಕ್ಕೆ ಹಾಕಿದರೆ ಹೊಸದೇ ಹಗುರ. ಉಳಿತಾಯ ಮಾಡೋದು ತಾಮ್ರ ಮತ್ತು ಮ್ಯಾಗ್ನೆಟ್‌ನಲ್ಲೇ ಅಲ್ವಾ? ಒಳಗಿನ ಪೈಪ್ ಅಂತೂ ನೆನೆಸಿದ ಅವಲಕ್ಕಿಯ ಹಾಗೆ ಮೆತ್ತಗಾಗಿ, ಜಾಯಿಂಟ್ ಹತ್ತಿರ ಸೀಳಿತ್ತು. ಪಂಪ್ ತಿರುಗುತ್ತಿದೆ, ಪೆಟ್ರೋಲ್ ಮಾತ್ರ ಟ್ಯಾಂಕ್ ಒಳಗೇ ಸೋರುತ್ತಿದೆ.

ಪೈಪ್ ಹಾಗಾಗಲು ಕಾರಣವಿದೆ. 2023ರ ಫೆಬ್ರವರಿಯಲ್ಲಿ ಇ20 ಪೆಟ್ರೋಲ್‌ಗೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಅದರಲ್ಲಿ ನೂರಕ್ಕೆ 20 ಪಾಲು ಎಥನಾಲ್. ಕಳಪೆ ರಬ್ಬರ್ ಅದರಲ್ಲಿ ಊದಿಕೊಳ್ಳುತ್ತದೆ. ಪಂಪಿನ ಮೋಟರ್ ಒಳಗೆ ಕರೆಂಟ್ ದಾಟಿಸುವ ಬ್ರಷ್ ಉಜ್ಜುವ ಜಾಗಕ್ಕೂ ಇದೇ ತೊಂದರೆ. ತಾಮ್ರ ಸವೆಯುತ್ತದೆ ಅಂತ ಒಳ್ಳೆ ತಯಾರಕರು ಅಲ್ಲಿ ಕಾರ್ಬನ್ ಹಾಕುತ್ತಾರೆ. ಡೂಪ್ಲಿಕೇಟ್ ಮಾಡುವವನಿಗೆ ಅದೆಲ್ಲ ಯಾಕೆ ಬೇಕು?

ಒಂದು ಮಾತು. ಕಾರು ಕಂಪನಿಯ ಬಾಕ್ಸ್ ಇಲ್ಲದ್ದೆಲ್ಲ ಡೂಪ್ಲಿಕೇಟ್ ಅಲ್ಲ. ಕಾರು ಕಂಪನಿಗಳಿಗೆ ಪಾರ್ಟ್ಸ್ ಮಾಡಿಕೊಡುವವರೇ ತಮ್ಮ ಹೆಸರಿನಲ್ಲಿ ಹೊರಗೂ ಮಾರುತ್ತಾರೆ. ನಮ್ಮ ಆಡುಗೋಡಿಯ ಬಾಷ್ ಇದೆಯಲ್ಲ, ಹಾಗೆ. (1951ರಲ್ಲಿ ಮೈಕೋ ಅಂತ ಶುರುವಾಗಿದ್ದು. 2008ರಲ್ಲಿ ಹೆಸರು ಬದಲಾದರೂ ನಮ್ಮಪ್ಪನಿಗೆ ಅದು ಈಗಲೂ ಮೈಕೋನೇ.) ಅಂಥದ್ದನ್ನು ಧೈರ್ಯವಾಗಿ ಹಾಕಿಸಿ. ಯಾರದೋ ಹೆಸರು ಕದ್ದು ಅಂಟಿಸಿಕೊಂಡು ಬರುವುದೇ ಡೇಂಜರ್.

ಬೆಂಗಳೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಜೆ.ಸಿ. ರಸ್ತೆಗೆ ಹೋಗುವಾಗ ಹಳೆ ಪಂಪನ್ನು ಒರೆಸಿ, ಚೀಲದಲ್ಲಿ ಹಾಕಿಕೊಂಡು ಹೋಗಿ. ಅದಕ್ಕಿಂತ ಒಳ್ಳೆ ಅಳತೆ ಇಲ್ಲ. ಪಾರ್ಟ್ ನಂಬರ್ ಅಕ್ಷರ ಬಿಡದೆ ತಾಳೆ ನೋಡಿ. ಕನೆಕ್ಟರ್ ಹಾಕಿದರೆ ಟಕ್ ಅಂತ ಕೂರಬೇಕು. ಅಂಗಡಿಯಲ್ಲಿ ಇನ್ನೊಂದು ಪೀಸ್ ಕೇಳಿ. ಎರಡು ಬಾಕ್ಸ್‌ಗಳಲ್ಲೂ ಒಂದೇ ಸೀರಿಯಲ್ ನಂಬರ್ ಕಂಡರೆ ಸುಮ್ನೆ ಎದ್ದು ಬನ್ನಿ. ಬಾಕ್ಸ್ ಮೇಲೆ ಎಂಆರ್‌ಪಿ, ತಯಾರಕರ ವಿಳಾಸ, ತಿಂಗಳು, ವರ್ಷ ಇಲ್ಲದಿದ್ದರೂ ಅಷ್ಟೇ. ಕೆಲವರು ಕೌಂಟರ್ ಮೇಲೇ ಬ್ಯಾಟರಿಗೆ ತಾಗಿಸಿ ಕರ್ರ್ ಅನ್ನಿಸಿ ತೋರಿಸುತ್ತಾರೆ. ಬೇಡ ಅನ್ನಿ. ಪೆಟ್ರೋಲಿನಲ್ಲಿ ಮುಳುಗಿ ತಣ್ಣಗಿರಬೇಕಾದ ಪಂಪ್ ಅದು, ಒಣಗಿ ತಿರುಗಿದರೆ ಅಲ್ಲೇ ಸವೆಯುತ್ತದೆ. ಹಳೆ ಪಂಪನ್ನಂತೂ ಹಾಗೆ ಮುಟ್ಟಿಸಲೇಬೇಡಿ. ಒಳಗೆ ಉಳಿದ ಪೆಟ್ರೋಲಿಗೆ ಒಂದು ಕಿಡಿ ಸಾಕು.

ಬಿಲ್ ಬಗ್ಗೆ ನಾನು ಸ್ವಲ್ಪ ಹಟಮಾರಿ. ಬರೀ "ಪಂಪ್ - 1" ಅಂತ ಗೀಚಿದ ಚೀಟಿ ಬಿಲ್ ಅಲ್ಲ. ಬ್ರ್ಯಾಂಡ್, ಪಾರ್ಟ್ ನಂಬರ್, ಜಿಎಸ್‌ಟಿ ಮೂರೂ ಇರಬೇಕು. ಭಾವಮೈದುನನ ಹತ್ತಿರ ಚೀಟಿ ಇತ್ತು. ಅಂಗಡಿಯವನು "ಎಲೆಕ್ಟ್ರಿಕಲ್ ಐಟಂ ವಾಪಸ್ ಇಲ್ಲ" ಅನ್ನುವ ಬೋರ್ಡ್ ತೋರಿಸಿ ಟೀ ಕುಡಿಯಲು ಹೋದ. ಸರಿಯಾದ ಬಿಲ್ ಇದ್ದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಧೈರ್ಯವಾಗಿ ಮಾತಾಡಬಹುದಿತ್ತು.

ಕೊನೆಗೆ ಕಂಪನಿಯ ಸ್ಪೇರ್ಸ್ ಕೌಂಟರ್‌ನಿಂದ ತರಿಸಿ ಹಾಕಿದೆವು. ಪೆಟ್ರೋಲ್ ಸೋಸುವ ಸ್ಟ್ರೇನರ್, ಮುಚ್ಚಳದ ರಬ್ಬರ್ ರಿಂಗ್ ಎರಡೂ ಹೊಸದು. ಟ್ಯಾಂಕ್ ತಳದ ಕಸ ತೆಗೆಸಿದೆವು. ಸುಟ್ಟಿದ್ದ ವೈರ್ ತುದಿಯನ್ನೂ ಬದಲಾಯಿಸಿದ ಮೆಕ್ಯಾನಿಕ್. ಅದನ್ನು ಹಾಗೇ ಬಿಟ್ಟರೆ ಒರಿಜಿನಲ್ ಪಂಪ್ ಕೂಡ ಬೇಗ ಹೋಗುತ್ತದೆ ಅಂದ. ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಬಿಡಬೇಡಿ, ಪಂಪ್ ಬಿಸಿಯಾಗುತ್ತದೆ ಅಂತಲೂ ಹೇಳಿ ಕಳಿಸಿದ. ಭಾವಮೈದುನ ತಲೆಯಾಡಿಸಿದ. ಅಲ್ಲಿಂದ ನೇರ ಬಂಕ್‌ಗೆ ಹೋಗಿ ಐನೂರು ರೂಪಾಯಿಗೆ ಹಾಕಿಸಿದ. ಈಗಿನ ರೇಟಿಗೆ ಅದು ಐದು ಲೀಟರೂ ಬರಲ್ಲ.