ಕಾಮಾ ಸಾಲದ ಕಡೆ ಸೆಮಿಕೋಲನ್

ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ (ಎರಕದ ಕಾರ್ಖಾನೆಯಲ್ಲಿ) ಎಕ್ಸ್‌ಪೋರ್ಟ್ ಪತ್ರವ್ಯವಹಾರ ನನ್ನ ಕೆಲಸ. ಕೊಟೇಶನ್, ಪ್ಯಾಕಿಂಗ್ ಲಿಸ್ಟ್, ಹೊರದೇಶದ ಗಿರಾಕಿಗೆ ಹೋಗುವ ಮೇಲ್ ಎಲ್ಲ ನನ್ನ ಟೇಬಲ್ ದಾಟಿಯೇ ಹೋಗುತ್ತವೆ. ಹೊಸದಾಗಿ ಸೇರಿದವರಿಗೆ ಸ್ಪೆಲಿಂಗ್ ಭಯ ಜಾಸ್ತಿ. ಸ್ಪೆಲಿಂಗನ್ನು ಕಂಪ್ಯೂಟರೇ ತಿದ್ದುತ್ತದೆ. ನಾನು ಮೊದಲು ನೋಡುವುದು ಕೋಲನ್ (:), ಸೆಮಿಕೋಲನ್ (;) ಎಲ್ಲಿ ಬಿದ್ದಿವೆ ಅಂತ.

ಮೊನ್ನೆ ಒಂದು ಡ್ರಾಫ್ಟ್‌ನಲ್ಲಿ ಈ ಸಾಲಿತ್ತು (ಎಫ್‌ಜಿ, ಎಸ್‌ಜಿ ಅಂದರೆ ಎರಕದ ಕಬ್ಬಿಣದ ದರ್ಜೆಗಳು): 'ಪಂಪ್ ಬಾಡಿ, ಎಫ್‌ಜಿ 260, ಮಷೀನ್ಡ್, ವಾಲ್ವ್ ಬಾಡಿ, ಎಸ್‌ಜಿ 500/7, ಬ್ರ್ಯಾಕೆಟ್, ಪೇಂಟೆಡ್.' ಡಿಸ್ಪ್ಯಾಚ್ ಸೂಪರ್‌ವೈಸರ್ ಓದಿ, "ಮೇಡಂ, ಮಷಿನಿಂಗ್ ಯಾವುದಕ್ರಿ, ಪಂಪಿಗೋ ವಾಲ್ವಿಗೋ?" ಅಂದರು. ಕೇಳಲೇಬೇಕಾದ ಪ್ರಶ್ನೆ. ಮಷಿನಿಂಗ್ ಆದ, ಅಂದರೆ ಯಂತ್ರದಲ್ಲಿ ಕೊರೆದು ನಯ ಮಾಡಿದ ಮಾಲಿನ ರೇಟೇ ಬೇರೆ, ಹಾಗೇ ಎರಕ ತೆಗೆದು ಕೊಡುವ ಮಾಲಿನ ರೇಟೇ ಬೇರೆ. ಐಟಂ ಒಳಗೂ ಕಾಮಾ, ಎರಡು ಐಟಂ ನಡುವೆಯೂ ಕಾಮಾ ಇದ್ದರೆ ಓದುವವರು ಏನು ಮಾಡಬೇಕು? ಒಂದೊಂದು ಐಟಂ ಮುಗಿದ ಕಡೆ ಸೆಮಿಕೋಲನ್ ಹಾಕಿಸಿದೆ: 'ಪಂಪ್ ಬಾಡಿ, ಎಫ್‌ಜಿ 260, ಮಷೀನ್ಡ್; ವಾಲ್ವ್ ಬಾಡಿ, ಎಸ್‌ಜಿ 500/7; ಬ್ರ್ಯಾಕೆಟ್, ಪೇಂಟೆಡ್.' ಮೂರೇ ಐಟಂ, ಮಷಿನಿಂಗ್ ಪಂಪ್ ಬಾಡಿಗೆ ಮಾತ್ರ.

ಇನ್ನೊಂದು ಕಡೆ ಎಲ್ಲರೂ ಎಡವುವುದು 'ಹೌಎವರ್' ಹತ್ತಿರ. 'ದ ಕಾಸ್ಟಿಂಗ್ಸ್ ಆರ್ ರೆಡಿ; ಹೌಎವರ್, ದ ರಿಪೋರ್ಟ್ ಈಸ್ ಪೆಂಡಿಂಗ್.' ಎರಡೂ ಕಡೆ ಪೂರ್ತಿ ವಾಕ್ಯ ಇರುವುದರಿಂದ 'ಹೌಎವರ್'ಗೆ ಮೊದಲು ಸೆಮಿಕೋಲನ್, ಆಮೇಲೆ ಕಾಮಾ. ಎರಡೂ ಕಡೆ ಕಾಮಾ ಹಾಕಿದರೆ ತಪ್ಪು. ಅನುಮಾನ ಇದ್ದರೆ ಫುಲ್‌ಸ್ಟಾಪ್ ಹಾಕಿ ಹೊಸ ವಾಕ್ಯ ಶುರು ಮಾಡಿ, ಯಾರೂ ಬೇಡ ಅನ್ನುವುದಿಲ್ಲ. ಸುಮ್ನೆ ಚೆಂದ ಕಾಣಲಿ ಅಂತ ಸೆಮಿಕೋಲನ್ ಹಾಕುವುದು ನನಗೆ ಇಷ್ಟವಿಲ್ಲ.

ಅಂದ ಹಾಗೆ, ಈ ಸೆಮಿಕೋಲನ್ ಹುಟ್ಟಿದ್ದೂ ಎರಕದಲ್ಲೇ. 1490ರ ದಶಕದಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನುಟಿಯಸ್ ಇದನ್ನು ಅಚ್ಚಿಗೆ ತಂದ. ಎರಕ ಹೊಯ್ದು ಮಾಡುವ ಅವನ ಅಚ್ಚುಮೊಳೆಗಳಿಗೆ ಅಕ್ಷರ ಕೆತ್ತಿಕೊಟ್ಟವನು ಫ್ರಾನ್ಸೆಸ್ಕೊ ಗ್ರಿಫೊ. ಫೌಂಡ್ರಿಯಲ್ಲಿ ಕೂತು ಇದನ್ನು ಓದಿದಾಗ ನನಗೆ ತುಂಬಾ ಖುಷಿಯಾಗಿತ್ತು.

ಕೋಲನ್‌ನಲ್ಲಿ ಆಗುವ ತಪ್ಪಿಗೆ ನಮ್ಮ ಕನ್ನಡದ ರೂಢಿಯೂ ಕಾರಣ ಇರಬೇಕು. 'ಐಟಂಗಳು ಹೀಗಿವೆ:' ಅಂತ ಬರೆದಾಗ ಕ್ರಿಯಾಪದ ಬಂದಾಗಿದೆ, ವಾಕ್ಯ ಮುಗಿದಿದೆ. ಅದೇ ಅಭ್ಯಾಸದಲ್ಲಿ 'ದ ಐಟಮ್ಸ್ ಆರ್:' ಅಂತ ಬರೆದುಬಿಡುತ್ತಾರೆ. ಇಂಗ್ಲಿಷ್‌ನಲ್ಲಿ ಕ್ರಿಯಾಪದ ನಡುವೆ ಬರುತ್ತದೆ. 'ಆರ್' ಆದಮೇಲೆ ವಾಕ್ಯ ಇನ್ನೂ ಅರ್ಧದಲ್ಲೇ ಇದೆ, ಅಲ್ಲಿ ಕೋಲನ್ ಹಾಕಬಾರದು. 'ದ ಆರ್ಡರ್ ಹ್ಯಾಸ್ ತ್ರೀ ಐಟಮ್ಸ್:' ಅನ್ನಿ, ಸರಿ. 'ಇನ್‌ಕ್ಲೂಡ್ಸ್', 'ಸಚ್ ಆ್ಯಸ್' ಆದಮೇಲೂ ಕೋಲನ್ ಬೇಡ.

ಅಮೆರಿಕದ ಗಿರಾಕಿಗೆ ಕಂಪನಿ ಪತ್ರ ಬರೆಯುವಾಗ ಮಾತ್ರ 'ಡಿಯರ್' ಮತ್ತು ಹೆಸರಿನ ನಂತರ ಕೋಲನ್ ಹಾಕಿ. ಇಂಗ್ಲೆಂಡಿನವರಿಗೆ ಅಲ್ಲಿ ಕಾಮಾ ಸಾಕು.